ಬಿಳಿ ಸೈಕಲ್ಲನ್ನು ಯಾರೂ ಮುಟ್ಟುವುದಿಲ್ಲ

"ಮೊದಲು ಆ ಕೂಗು ನಿಲ್ಸು, ನಬೋರ್. ಆಮೇಲೆ ಬೇಕಾದಷ್ಟು ಸುಳ್ಳು ಹೇಳು."

ಸೆನಾಯ್ದಾ ಗುಜರಿ ಗಾಡಿಯ ಬಾಗಿಲಿಗೆ ಅಡ್ಡಲಾಗಿ ನಿಂತಿದ್ದಳು. ಗಾಡಿಯ ನೆತ್ತಿಯ ಮೇಲಿನ ಸ್ಪೀಕರಿನಲ್ಲಿ ಪುಟ್ಟ ಹುಡುಗಿಯೊಬ್ಬಳ ಕೀರಲು ದನಿ ಉಸಿರು ಬಿಡದೆ ಕೂಗುತ್ತಿತ್ತು: "ಹಾಸಿಗೆ, ಡ್ರಮ್ಮು, ಫ್ರಿಜ್ಜು, ಒಲೆ, ಮನೇಲಿರೋ ಹಳೇ ಕಬ್ಬಿಣ ಕೊಳ್ತೀವೀ..."

ನಬೋರ್ ಗುಂಡಿ ಒತ್ತಿದ. ಬೀದಿ ಒಮ್ಮೆಗೇ ಬರಿದಾಯಿತು.

"ಏನಕ್ಕಾ ಇದು, ಬೋಣಿ ಆಗೋ ಹೊತ್ತಲ್ಲಿ! ನಾನೇನು ಕಳ್ಳನಾ?"

"ಕಳ್ಳ ಅಲ್ಲ ಅಂದ್ರೆ ಕೂತಿರೋ ಜಾಗದಿಂದ ಎದ್ದೇಳು."

ಅವನು ಏಳಲಿಲ್ಲ. ಆಚೆ ಬದಿಯಿಂದ ಕೂಕಾ ಬಂದು ಅವನ ಅಂಗಿಯ ಕೊರಳಪಟ್ಟಿಗೆ ಕೈ ಹಾಕಿದಳು. ಮೂರು ಚಕ್ರದ ಗಾಡಿಯಲ್ಲಿ ಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ಕಡುಬು, ಹಬೆಯಾಡುವ ತಮಾಲೆ, ಮಾರುವ ಹೆಂಗಸು ಕೂಕಾ. ಜೋಳದ ಸಿಪ್ಪೆ ಬಿಡಿಸಿ ಬಿಡಿಸಿ ಗಟ್ಟಿಯಾದ ಬೆರಳುಗಳು.

"ಏಳೋ. ನಿನ್ನ ಕುಂಡೆ ಕೆಳಗೆ ಏನಿದೆ ಅಂತ ನಂಗೊತ್ತು. ಬೆಳಿಗ್ಗೆ ತಮಾಲೆ ಕೊಡುವಾಗಲೇ ನೋಡಿದೀನಿ. ಅವಾಗಿಂದ ಒಬ್ರಿಗೂ ಸರಿಯಾಗಿ ಚಿಲ್ರೆ ಕೊಟ್ಟಿಲ್ಲ ನಾನು."

ನಬೋರ್ ಎದ್ದ. ಡ್ರೈವರ್ ಸೀಟಿನ ಮೇಲೆ ಕುರಿಚರ್ಮದ ಹೊದಿಕೆಯೊಂದು ಮುದುರಿ ಬಿದ್ದಿತ್ತು. ಅದರ ಮೂಲೆಯಲ್ಲಿ ನೀಲಿ ಬಟ್ಟೆಯ ತೇಪೆ. ಸಾಣೆ ಹಿಡಿಯುವ ದೋನ್ ಲಿಬೋರಿಯೊ ಅವರ ಹೆಂಡತಿ, ಸಾಯುವ ವರ್ಷ ತನ್ನ ಲಂಗದ ಅಂಚು ಕತ್ತರಿಸಿ ಗಂಡನ ಸೈಕಲ್ ಸೀಟಿಗೆ ಹೊಲಿದ ತೇಪೆ.

ಆ ಸೈಕಲ್ಲು ಸಂತೆಬೀದಿಯ ಕಂಬದಿಂದ ಕಾಣೆಯಾಗಿ ಇದು ಮೂರನೆಯ ವಾರ. ಇಸ್ತಪಲಾಪಾದ ಈ ಗುಡ್ಡದ ಬಡಾವಣೆಯ ಬೀದಿ ವ್ಯಾಪಾರಿಗಳೆಲ್ಲ ಸೇರಿ ಹುಡುಕಿದ ದಾರಿ ಕೊನೆಗೆ ಬಂದು ನಿಂತಿದ್ದು ಈ ಗಾಡಿಯ ಮುಂದೆ.

"ಹೊದಿಕೆ ಮಾತ್ರ ಇಟ್ಕೊಂಡೆ ಅಕ್ಕಾ. ಮೂಲವ್ಯಾಧಿ ನಂಗೆ."

"ಸೈಕಲ್ ಎಲ್ಲಿ?"

"ದೋನ್ ಲಿಬೋರಿಯೊ ಅವರದ್ದು ಅಂತ ನಂಗೇನ್ ಗೊತ್ತು? ಸಾಣೆಕಲ್ಲಿರ್ಲಿಲ್ಲ, ಅದನ್ನ ತಿರುಗ್ಸೋ ಬೆಲ್ಟಿರ್ಲಿಲ್ಲ. ಬರೀ ಸೈಕಲ್ಲು. ಹಿಂದಿನ ಚಕ್ರ ಹಪ್ಪಳ ಆಗಿತ್ತು. ಠಾಣೆ ಹಿಂದಿನ ಅಂಗಳದಲ್ಲಿ ರಾಶಿ ಬಿದ್ದಿದ್ದನ್ನ ಎತ್ಕೊಂಡು ಹೋಗು ಅಂದ್ರು, ಎತ್ಕೊಂಡು ಬಂದೆ."

"ಯಾವ ಠಾಣೆ?"

"ಗುಡ್ಡದ ಕೆಳಗಿಂದು. ಇನ್ಯಾವುದು?"

ಕೂಕಾಳ ಕೈ ಸಡಿಲವಾಯಿತು. ಅದೇ ಠಾಣೆಯ ಮೆಟ್ಟಿಲ ಮೇಲೆ ಮುದುಕ ಲಿಬೋರಿಯೊ ಟೋಪಿ ಕೈಯಲ್ಲಿ ಹಿಡಿದು ದಿನವೂ ಕೂತಿದ್ದರು. ಒಳಗಿನವರು ದಿನವೂ "ಹುಡುಕ್ತಾ ಇದೀವಿ, ಹೋಗಿ" ಎಂದಿದ್ದರು. ಬಡವನ ದೂರಿಗೂ ಅವನ ಸೈಕಲ್ಲಿಗೂ ನಡುವೆ ಇದ್ದದ್ದು ಒಂದೇ ಒಂದು ಗೋಡೆ. ಆ ಗೋಡೆಯ ಆಚೆ ಇಣುಕಿ ನೋಡಲು ಕುರ್ಚಿಯಿಂದ ಏಳಬೇಕಿತ್ತು, ಅಷ್ಟೆ. ಏಳಲಿಲ್ಲ.

"ಯಾರಿಗೆ ಮಾರಿದೆ?" ಸೆನಾಯ್ದಾ ಕೇಳಿದಳು.

"ಮಾರ್ಲಿಲ್ಲ. ದಾನ ಮಾಡ್ದೆ."

ಕೂಕಾ ನಕ್ಕೇಬಿಟ್ಟಳು. "ನೀನು? ದಾನ? ಹೆತ್ತವಳ ಹಲ್ಲು ಬಿದ್ರೆ ತಕ್ಕಡಿಗೆ ಹಾಕೋ ಜಾತಿ ನಿಂದು!"

"ನಗು, ಕೂಕಾ, ನಗು. ಮಾಡಿದ್ದು ಒಂದೇ ದಾನ. ಅದಕ್ಕೂ ನೀವು ಹಿಂಗೆ ಕೊರಳಪಟ್ಟಿ ಹಿಡೀತೀರಿ."

"ಯಾರಿಗೆ ಕೊಟ್ಟೆ ಅಂತ ಹೇಳೋ."

ನಬೋರ್ ತಲೆ ತಗ್ಗಿಸಿ ಸೆನಾಯ್ದಾಳ ಕೈಗಳನ್ನು ನೋಡಿದ. ಸೈಕಲ್ ರಿಪೇರಿ ಮಾಡಿ ಮಾಡಿ ಉಗುರಿನ ಸಂದಿಯಲ್ಲಿ ಗ್ರೀಸು ಕೂತ ಕೈಗಳು. ಹೆಬ್ಬೆರಳಿನ ಬುಡದಲ್ಲಿ ಇನ್ನೂ ಪೂರ್ತಿ ಹೋಗದ ಒಂದು ಚೂರು ಬಿಳಿ ಬಣ್ಣ.

"ನಿಂಗೇ, ಅಕ್ಕಾ. ಯಾಯಿರ್ ಸತ್ತಾಗ ಚೌಕದಲ್ಲಿ ನಿಂತು ಅಳ್ತಾ ಕೂಗಿದ್ಯಲ್ಲ, ಹುಡುಗನಿಗೆ ಒಂದು ಸೈಕಲ್ ಕೊಡಿ ಅಂತ. ಬೇರೆ ಚಕ್ರ ಹಾಕ್ಕೊಂಡು ನಾನೇ ತಂದೆ. ನೀನೇ ಬಾಗಿಲು ತೆಗೆದೆ. ಯಾರದ್ದು ಅಂತ ಒಂದು ಮಾತು ಕೇಳ್ಲಿಲ್ಲ."

ಸೆನಾಯ್ದಾ ಗಾಡಿಯ ಬಾಗಿಲು ಬಿಟ್ಟಳು.

ಕೇಳಿರಲಿಲ್ಲ, ನಿಜ. ಕೇಳುವ ಪದ್ಧತಿಯೇ ಇರಲಿಲ್ಲ. ಬಸ್ಸಿಗೋ ಲಾರಿಗೋ ಸಿಕ್ಕಿ ಸೈಕಲ್ ಸವಾರ ಸತ್ತರೆ, ಅವನು ಬಿದ್ದ ಜಾಗದಲ್ಲಿ ಒಂದು ಸೈಕಲ್ಲಿಗೆ ಬಿಳಿ ಬಳಿದು ಕಂಬಕ್ಕೆ ಸರಪಳಿ ಹಾಕಿ ನಿಲ್ಲಿಸುವುದು ಅವಳೂ ಅವಳ ಗೆಳೆಯರೂ ನಡೆಸಿಕೊಂಡು ಬಂದ ಕೆಲಸ. ನದೀಮೂಲ ಋಷಿಮೂಲ ಕೇಳಬಾರದು ಎನ್ನುವ ಹಾಗೆ, ಸತ್ತವನಿಗೆ ಕೊಟ್ಟ ಸೈಕಲ್ಲಿನ ಮೂಲ ಕೇಳಬಾರದು. ಬ್ರೇಕು, ಚೈನು, ಪೆಡಲು ಬಿಚ್ಚುವುದು ಸತ್ತವನ ಗೆಳೆಯರ ಪಾಲು. ಬಣ್ಣ ಬಳಿಯುವುದು ಸೆನಾಯ್ದಾಳ ಪಾಲು. ಇನ್ನೂ ಒಂದು ಕಟ್ಟಳೆ ಇತ್ತು: ರಿಪೇರಿಗೆ ಬಂದ ಯಾವ ಸೈಕಲ್ಲನ್ನಾದರೂ ತಲೆಕೆಳಗು ಮಾಡಿ ನಿಲ್ಲಿಸು, ಸತ್ತವನ ಸೈಕಲ್ಲನ್ನು ಮಾತ್ರ ಮಾಡಬೇಡ. ಒಮ್ಮೆ ಉರುಳಿದ್ದೇ ಸಾಕು, ಇನ್ನೊಮ್ಮೆ ಉರುಳಿಸಬಾರದು.

ದೋನ್ ಲಿಬೋರಿಯೊ ಅವರ ಸೈಕಲ್ಲಿನ ಮೇಲುಕೊಳವೆಯ ಅಡಿಯಲ್ಲಿ ಸಾಣೆಕಲ್ಲು ಕೂರಿಸಲು ಎರಡು ಕಿವಿಗಳನ್ನು ಬೆಸುಗೆ ಹಾಕಿದವಳು ಅವಳೇ. ಅಡಿಯಲ್ಲಿ. ತಲೆಕೆಳಗು ಮಾಡಿದ್ದರೆ ಮೊದಲು ಕಾಣುತ್ತಿದ್ದುದೇ ಅದು.

ಮಾಡಲಿಲ್ಲ. ಕಣ್ಣೀರು ಒರೆಸಿಕೊಳ್ಳುತ್ತ ಮೇಲಿನಿಂದ ಬಳಿದಳು. ತನ್ನ ಬೆಸುಗೆಯನ್ನು ತಾನೇ ಮುಚ್ಚಿದಳು. ಆಮೇಲೆ ಊರೆಲ್ಲ ಹುಡುಕಿದಳು.

"ಇನ್ನೊಂದು ಮಾತು," ನಬೋರ್ ಗಾಡಿ ಹತ್ತುತ್ತ ಹೇಳಿದ. "ನಿನ್ನೆ ಇನ್ನೊಬ್ರು ಬಂದು ಇದನ್ನೇ ಕೇಳಿದ್ರು. ಹೇಳ್ದೆ."

"ಯಾರು?"

"ಗೊತ್ತಿಲ್ಲ. ಬೂಟು ಮಾತ್ರ ಕನ್ನಡಿ. ನಮ್ಮ ಬೀದಿ ಧೂಳೂ ಅದರ ಮೇಲೆ ಕೂರೋಕೆ ಹೆದರ್ತಿತ್ತು. ದೋನ್ ಲಿಬೋರಿಯೊಗೆ ಸಹಾಯ ಮಾಡ್ತಿದೀನಿ ಅಂದ್ರು."

ಮುದುಕನಿಗೆ ಸಹಾಯ ಮಾಡುವವರು ಬಹಳ ಮಂದಿ ಇದ್ದರು. ಗೆಣಸಿನ ಗಾಡಿಯವನಿದ್ದ, ಗ್ಯಾಸಿನವನಿದ್ದ, ಕಸದ ಗಂಟೆ ಬಾರಿಸುವವನಿದ್ದ. ಸೆನಾಯ್ದಾ ಆ ಬೂಟಿನ ಮಾತನ್ನು ಅಲ್ಲೇ ಬಿಟ್ಟಳು. ಆ ಒಂದು ಗಳಿಗೆಯನ್ನು ಅವಳು ಮುಂದೆ ಎಷ್ಟು ಸಲ ಶಪಿಸಿಕೊಳ್ಳಲಿದ್ದಳೋ!

*

ಇಳಿಜಾರಿನಲ್ಲಿ ಕೂಕಾ ಅವಳ ಪಕ್ಕದಲ್ಲಿ ದುಡುದುಡು ನಡೆದಳು.

"ಸಿಕ್ತಲ್ಲ, ಅದಕ್ಕೆ ಯಾಕೆ ಮುಖ ಹಂಗೆ ಮಾಡ್ಕೊಂಡಿದೀಯ? ಬಿಳಿ ಆದ್ರೇನು, ಉಜ್ಜಿದ್ರೆ ಹೋಗತ್ತೆ. ಅಲ್ಲಿ ಬೇರೆ ಒಂದು ಸೈಕಲ್ ನಿಲ್ಸೋಣ. ಸತ್ತವನಿಗೇನು ಗೊತ್ತಾಗತ್ತೆ?"

"ಹೆತ್ತವಳಿಗೆ ಗೊತ್ತಾಗತ್ತೆ."

"ಲಿಬೋರಿಯೊ ಅವರಿಗೂ ಹೊಟ್ಟೆ ಇದೆ ತಾಯಿ. ಸತ್ತವರ ಹಬ್ಬ ಬಂತು. ಮುದುಕನ ಪೀಪಿ ಕೇಳಿಸ್ದೇ ಹೋದ್ರೆ ಬೀದಿಗಳು ಹೋದ ಹಾಗೇ. ಆ ಕಡೆ ಗುಡ್ಡದ ಸಾಣೆಯವನು ಆಗ್ಲೇ ಅಂಚಿಗೆ ಬಂದು ಊದ್ತಿದಾನೆ."

ಅದು ಬೀದಿಯ ಕಾಯಿದೆ. ಯಾರೂ ಬರೆದದ್ದಲ್ಲ, ಎಲ್ಲರೂ ಬಲ್ಲದ್ದು. ಸಾಣೆಯವನ ಪೀಪಿ ಸತ್ತವರ ಹಬ್ಬದವರೆಗೆ ಕೇಳದೇ ಹೋದರೆ ಆ ಬೀದಿ ಮೊದಲು ಊದಿದವನದು. ದೋನ್ ಲಿಬೋರಿಯೊ ಅವರ ಪೀಪಿ ಸೈಕಲ್ಲಿನ ಹ್ಯಾಂಡಲಿಗೇ ನೇತಾಡುತ್ತಿತ್ತು, ಅದರೊಂದಿಗೇ ಹೋಯಿತು. ಈಗ ಅವರು ಒಂದು ಕೈಗಲ್ಲು ಹಿಡಿದು, ಮೊಣಕಾಲು ಎಳೆಯುತ್ತ, ಬಾಗಿಲು ಬಾಗಿಲು ತಟ್ಟುತ್ತಿದ್ದರು. ನಲವತ್ತು ವರ್ಷ ಪೀಪಿ ಊದಿದೊಡನೆ ಜನ ತಾವಾಗಿ ಹೊರಗೆ ಬರುವುದನ್ನು ಕಂಡವರಿಗೆ ಬಾಗಿಲು ತಟ್ಟುವುದು ಎಷ್ಟು ಕಷ್ಟ ಎಂದು ತಟ್ಟಿದವರಿಗೇ ಗೊತ್ತು.

"ನೀನು ಹೋಗಿ ಅವರನ್ನ ಕರ್ಕೊಂಡು ಬಾ," ಎಂದಳು ಸೆನಾಯ್ದಾ. "ಸೈಕಲ್ ಸಿಕ್ತು ಅಂತ ಹೇಳ್ಬೇಡ. ಬರೀ ಬನ್ನಿ ಅನ್ನು."

ಕೂಕಾ ತಿರುಗಿದಳು. ಸೆನಾಯ್ದಾ ಒಬ್ಬಳೇ ಇಳಿದಳು. ಅವಳ ತಲೆಯಲ್ಲಿ ಒಂದು ಮುಳ್ಳು ಆಡುತ್ತಿತ್ತು. ಕದ್ದವನು ಮಾರಿದ್ದರೆ ಸೈಕಲ್ಲು ಸಂತೆಯಲ್ಲಿ ಸಿಗಬೇಕಿತ್ತು. ಠಾಣೆಯ ಅಂಗಳಕ್ಕೆ ಯಾಕೆ ಹೋಯಿತು? ಆ ಅಂಗಳಕ್ಕೆ ಬರುವುದು ಒಂದೇ ಬಗೆಯ ಗಾಡಿ: ಅಪ್ಪಳಿಸಿ ಮುರಿದದ್ದು.

ಹಿಂದಿನ ಚಕ್ರ ಹಪ್ಪಳ ಆಗಿತ್ತು ಎಂದಿದ್ದ ನಬೋರ್.

ಅವಳ ಹೆಜ್ಜೆ ನಿಧಾನವಾಯಿತು.

*

ಚೌಕದ ಮೂಲೆಯಲ್ಲಿ ಬಿಳಿ ಸೈಕಲ್ಲು ನಿಂತಿತ್ತು. ಟೈರಿನಿಂದ ಸೀಟಿನವರೆಗೆ ಬಿಳಿ. ಸುತ್ತ ಚೆಂಡುಹೂವಿನ ಸರ. ಕಂಬಕ್ಕೆ ಕಟ್ಟಿದ ಹಲಗೆಯಲ್ಲಿ ಯಾಯಿರನ ಹೆಸರು, ಅವನ ನಗು. ಹತ್ತೊಂಬತ್ತರ ಹುಡುಗ. ಬೆನ್ನಿಗೆ ಊಟದ ಪೆಟ್ಟಿಗೆ ಕಟ್ಟಿಕೊಂಡು ಮನೆ ಮನೆಗೆ ಮುಟ್ಟಿಸುತ್ತಿದ್ದ. ಎರಡು ಮಿನಿಬಸ್ಸುಗಳು ಒಬ್ಬ ಪ್ರಯಾಣಿಕನಿಗಾಗಿ ಪಂದ್ಯಕ್ಕೆ ಬಿದ್ದ ಮಧ್ಯಾಹ್ನ ಇಲ್ಲಿ ಸತ್ತ.

ಪಂದ್ಯ ಹೂಡಿದವನು ಡ್ರೈವರಲ್ಲ. ದಿನಕ್ಕಿಷ್ಟು ತಂದು ಸುರಿ, ಇಲ್ಲದಿದ್ದರೆ ಬೀಗದ ಕೈ ಕೊಟ್ಟು ಹೋಗು ಎನ್ನುವ ಮಾಲೀಕ. ಅವನು ಚೌಕಕ್ಕೆ ಬರುವುದಿಲ್ಲ, ಅವನ ಕೈಗೆ ರಕ್ತ ತಾಗುವುದಿಲ್ಲ. ಅವನ ಪರವಾಗಿ ಮಾತಾಡಲು ಒಂದು ಪದ ಇದೆ: ಅಪಘಾತ.

ಬಕೆಟ್ಟು, ಬಟ್ಟೆ ಹಿಡಿದು ಆ ಹೆಂಗಸು ಅಲ್ಲೇ ಇದ್ದಳು. ಯಾಯಿರನ ತಾಯಿ, ದೋನ್ಯಾ ಒಬ್ದುಲಿಯಾ. ಒಂಬತ್ತು ದಿನದ ಪ್ರಾರ್ಥನೆ ಮುಗಿದ ಮೇಲೂ ದಿನಾ ಮಧ್ಯಾಹ್ನ ಬಂದು ಸೈಕಲ್ಲಿನ ಮೇಲಿನ ಮಸಿ ಒರೆಸುತ್ತಿದ್ದಳು, ಶಾಲೆಗೆ ಹೊರಟ ಮಗುವಿನ ಮುಖ ಒರೆಸಿದ ಹಾಗೆ.

"ಬಾ ಸೆನಾಯ್ದಾ. ನೀನು ಬಳಿದ ಬಣ್ಣ ಗಟ್ಟಿ ಕಣೆ. ಎಷ್ಟು ತಿಕ್ಕಿದ್ರೂ ಏಳಲ್ಲ."

ಸೆನಾಯ್ದಾ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದಳು. ಹೇಗೆ ಶುರು ಮಾಡುವುದು ತಿಳಿಯಲಿಲ್ಲ. "ಒಂದೇ ಒಂದು ಕಡೆ ಕೆರೆದು ನೋಡ್ಬೇಕು, ದೋನ್ಯಾ ಒಬ್ದುಲಿಯಾ. ಅಡಿಯಲ್ಲಿ. ಯಾರಿಗೂ ಕಾಣಲ್ಲ."

ಒರೆಸುವ ಕೈ ನಿಂತಿತು.

"ಏನನ್ನ ಕೆರೀತೀಯ?"

"ಇದು ಬೇರೆಯವರ ಸೈಕಲ್ ಇರ್ಬಹುದು. ಕಳುವಾಗಿದ್ದು."

"ಇದು ನನ್ನ ಮಗನದು."

"ದಾನ ಬಂದಿದ್ದು. ನಿಮಗೂ ಗೊತ್ತು."

"ಬಂದಾಗ ಯಾರದ್ದಾದ್ರೂ ಇರ್ಲಿ. ಪಾದ್ರಿ ನೀರು ಚಿಮುಕಿಸಿದ ಮೇಲೆ ನನ್ನ ಮಗನದು." ಒಬ್ದುಲಿಯಾ ಬಟ್ಟೆಯನ್ನು ಬಕೆಟ್ಟಿಗೆ ಎಸೆದಳು. "ಈ ಊರಲ್ಲಿ ಬಿಳಿ ಸೈಕಲ್ಲನ್ನ ಕಳ್ಳರೂ ಮುಟ್ಟಲ್ಲ. ಕುಡುಕರೂ ಮುಟ್ಟಲ್ಲ. ನಿಲ್ಸಿದವಳೇ ಬಂದು ಮುಟ್ತೀನಿ ಅಂತೀಯಲ್ಲ, ನಿನ್ನ ಕೈಗೆ ಏನು ಬಂದಿದೆ?"

"ದೋನ್ ಲಿಬೋರಿಯೊ ಅವರದ್ದು ಅಂತ ಅನುಮಾನ."

ಆ ಹೆಸರು ಕೇಳಿ ತಾಯಿ ಕಂಬಕ್ಕೆ ಕೈ ಊರಿದಳು.

ಅದನ್ನು ಸೆನಾಯ್ದಾ ನೋಡಿದಳು. ನೋಡಬಾರದಿತ್ತು ಅನಿಸಿತು.

"ದೋನ್ಯಾ ಒಬ್ದುಲಿಯಾ, ಯಾಯಿರ್ ಅವತ್ತು ಯಾವ ಸೈಕಲ್ ಮೇಲಿದ್ದ?"

"ಅವನದೇ. ಕೆಂಪು."

"ಕೆಂಪುದು ಈಗ ಎಲ್ಲಿದೆ?"

"ಠಾಣೆಯವರು ವಾಪಸ್ ಕೊಟ್ಟಿಲ್ಲ."

"ಅದರ ಮುಂಚಿನ ವಾರ ಅವನು ನನ್ನ ಅಂಗಡಿಗೆ ನಡ್ಕೊಂಡು ಬಂದಿದ್ದ. ಹಳೇದು ಯಾವುದಾದ್ರೂ ಬಾಡಿಗೆಗೆ ಇದ್ಯಾ ಅಂತ ಕೇಳಿದ. ನಾನು ಇಲ್ಲ ಅಂದೆ." ಸೆನಾಯ್ದಾ ಸ್ಕ್ರೂಡ್ರೈವರನ್ನು ಅಂಗೈಯಲ್ಲಿ ತಿರುವಿದಳು. "ಇತ್ತು. ಒಂದು ಇತ್ತು. ಬಾಡಿಗೆ ಕೊಡದೇ ಓಡಿಹೋಗ್ತಾರೆ ಈ ಹುಡುಗರು ಅಂತ ಇಲ್ಲ ಅಂದೆ."

ಹಸಿರು ಮಿನಿಬಸ್ಸೊಂದು ಹಾರನ್ ಒತ್ತುತ್ತ ಹೂವಿನ ಸರವನ್ನು ಸವರಿಕೊಂಡೇ ಹೋಯಿತು.

"ಕೆಂಪುದನ್ನ ಕೆಳಗಿನ ಸೇತುವೆ ಹತ್ರ ಚಾಕು ತೋರ್ಸಿ ಕಿತ್ಕೊಂಡ್ರು," ಎಂದಳು ಒಬ್ದುಲಿಯಾ. "ಮೊಬೈಲಲ್ಲಿ ಊಟದ ಆರ್ಡರ್ ಕಳಿಸೋ ಕಂಪನಿಯವನಿಗೆ ಅದೆಲ್ಲ ಬೇಡ. ಎರಡು ದಿನ ಬರ್ದೇ ಇದ್ರೆ ಹೆಸರು ಹೊಡೆದು ಹಾಕ್ತಾನೆ. ಮೂರನೇ ದಿನ ನನ್ನ ಮಗ ಸೈಕಲ್ಲಲ್ಲೇ ಮನೆಗೆ ಬಂದ. ಯಾರದೋ ಅಂದ್ರೆ, ಎರವಲು ಅಮ್ಮಾ, ಕೆಂಪುದು ಸಿಗೋ ತನಕ, ಆಮೇಲೆ ಸಂತೆಬೀದೀಲಿ ಅದೇ ಕಂಬಕ್ಕೆ ಒರಗಿಸಿ ಬರ್ತೀನಿ ಅಂದ. ಅದೇ ಕಂಬ ಅಂದಾಗಲೇ ನಂಗೆ ಗೊತ್ತಾಗ್ಬೇಕಿತ್ತು. ಗೊತ್ತಾಯ್ತು. ಸುಮ್ನಿದ್ದೆ. ಆ ತಿಂಗಳು ಮನೇಲಿ ಅಷ್ಟು ಕಷ್ಟ ಇತ್ತು."

ಅವಳು ಏಪ್ರನ್ ಜೇಬಿಗೆ ಕೈ ಹಾಕಿದಳು.

ಹೊರಗೆ ಬಂದದ್ದು ಒಂದು ಪೀಪಿ. ಸಾಲಾಗಿ ಜೋಡಿಸಿದ ಬಿದಿರ ಕೊಳವೆಗಳು, ಒಂದರ ತುದಿ ಮುರಿದಿತ್ತು. ಆ ಮುರುಕಿನಿಂದಾಗಿ ದೋನ್ ಲಿಬೋರಿಯೊ ಊದಿದಾಗ ಸ್ವರ ಏರುತ್ತ ಏರುತ್ತ ಒಂದು ಮೆಟ್ಟಿಲು ತಪ್ಪಿ ಬೀಳುತ್ತಿತ್ತು. ಆ ತಪ್ಪು ಕೇಳಿಯೇ ಹೆಂಗಸರು ಚಾಕು ಹಿಡಿದು ಹೊರಗೆ ಬರುತ್ತಿದ್ದರು.

"ಆಸ್ಪತ್ರೆಯವರು ಕೊಟ್ಟ ಚೀಲದಲ್ಲಿತ್ತು. ಸಾಣೆಕಲ್ಲು ಅವನ ಮಂಚದ ಕೆಳಗಿದೆ. ಎಣ್ಣೆಬಟ್ಟೆ ಸುತ್ತಿ ಇಟ್ಟಿದಾನೆ, ತುಕ್ಕು ಹಿಡೀಬಾರದು ಅಂತ. ಬೆಲ್ಟು ಮಡಚಿ ಇಟ್ಟಿದಾನೆ. ನೀನೇ ಹೇಳು, ಕಳ್ಳ ಹಂಗೆ ಇಡ್ತಾನಾ?"

"ಇಡಲ್ಲ."

"ಸೋಮವಾರ ಕೋರ್ಟಿದೆ. ಬಸ್ಸಿನವರು ಹೇಳೋದು ಏನು ಗೊತ್ತಾ? ಹುಡುಗ ತಾನೇ ಆಯ ತಪ್ಪಿ ಬಿದ್ದ, ನಮ್ಮ ಬಸ್ಸು ಅವನನ್ನ ಮುಟ್ಟಲೇ ಇಲ್ಲ ಅಂತ. ಅವರ ಲಾಯರು ನನ್ನ ಮಗನ ಮೇಲೆ ಒಂದು ಕಪ್ಪುಚುಕ್ಕೆ ಹುಡುಕ್ತಾ ಓಡಾಡ್ತಿದಾನೆ. ಕಳ್ಳ ಅಂತ ಒಂದು ಮಾತು ಸಿಕ್ರೆ ಸಾಕು, ಆಮೇಲೆ ಸತ್ತಿದ್ದೂ ಅವನದೇ ತಪ್ಪು. ಸೋಮವಾರದ ತನಕ ಇದು ಬಿಳೀನೇ ಇರ್ಲಿ ಸೆನಾಯ್ದಾ. ಆಮೇಲೆ ನಾನೇ ಕೆರೆದು ತೊಳೆದು ಮುದುಕಪ್ಪನ ಮನೆಗೆ ತಳ್ಕೊಂಡು ಹೋಗ್ತೀನಿ. ಕಾಲಿಗೆ ಬೀಳ್ತೀನಿ."

ಸೆನಾಯ್ದಾ ಸೈಕಲ್ಲಿನ ಪಕ್ಕ ಮೊಣಕಾಲೂರಿದಳು. ತಲೆಕೆಳಗು ಮಾಡಲಿಲ್ಲ, ತಾನೇ ನೆಲಕ್ಕೆ ಒರಗಿ ಕೆಳಗಿನಿಂದ ನೋಡಿದಳು. ಈ ಸಲ ತಾಯಿ ತಡೆಯಲಿಲ್ಲ.

ಮೇಲುಕೊಳವೆಯ ಅಡಿಯಲ್ಲಿ ಎರಡು ಉಬ್ಬು. ಕೆರೆಯುವ ಅಗತ್ಯವೂ ಇರಲಿಲ್ಲ. ಅವಳದೇ ಬೆಸುಗೆ, ಅವಳದೇ ಒರಟು ಕೈ.

ಆದರೂ ಕೆರೆದಳು. ಅಲ್ಲಿ ಅಲ್ಲ, ಹಿಂದೆ. ಚಕ್ರವನ್ನು ಹಿಡಿದ ಹಿಂದಿನ ಕವಲು ಒಂದು ಕಡೆ ಒಳಕ್ಕೆ ಬಾಗಿತ್ತು. ಆ ತಗ್ಗಿನಲ್ಲಿ ಬಿಳಿ ಬಣ್ಣ ದಪ್ಪಗೆ ಗಂಟುಕಟ್ಟಿತ್ತು. ಸ್ಕ್ರೂಡ್ರೈವರಿನ ತುದಿ ತಾಗಿದೊಡನೆ ಪದರ ಹಾರಿತು.

ಕೆಳಗೆ ಹಸಿರು.

ಲಿಬೋರಿಯೊ ಅವರ ಸೈಕಲ್ಲು ಕಪ್ಪು. ಇದು ಇನ್ನೊಂದು ಗಾಡಿಯಿಂದ ಉಜ್ಜಿ ಅಂಟಿಕೊಂಡ ಹಸಿರು. ಈಗಷ್ಟೇ ಹೂವಿನ ಸರ ಸವರಿಕೊಂಡು ಹೋದ ಬಸ್ಸಿನ ಹಸಿರು.

"ದೋನ್ಯಾ ಒಬ್ದುಲಿಯಾ," ಸೆನಾಯ್ದಾಳಿಗೆ ತನ್ನ ದನಿಯೇ ಗುರುತು ಸಿಗಲಿಲ್ಲ. "ಅವನು ತಾನಾಗಿ ಬೀಳ್ಲಿಲ್ಲ. ಹಿಂದಿನಿಂದ ಹೊಡೆದಿದಾರೆ. ಇಲ್ಲಿದೆ ಗುರುತು. ಸಾಕ್ಷಿ ಇಲ್ಲೇ ನಿಂತಿದೆ. ಅವನು ಸತ್ತ ಸೈಕಲ್ಲೇ ಇದು. ಅವನು ಸತ್ತ ಜಾಗಕ್ಕೇ ವಾಪಸ್ ಬಂದಿದೆ."

ತಾಯಿ ಬಗ್ಗಿ ನೋಡಿದಳು. ಅಳಲಿಲ್ಲ. ಬೆರಳಿನಿಂದ ಆ ಹಸಿರನ್ನು ಮುಟ್ಟಿದಳು, ಬೆಂಕಿ ಮುಟ್ಟಿದ ಹಾಗೆ ಕೈ ಹಿಂದೆಗೆದಳು.

"ನಾನು ದಿನಾ ಒರೆಸ್ತಿದ್ದೆ," ಎಂದಳು. "ದಿನಾ."

ಸೆನಾಯ್ದಾ ನೆಲದಿಂದ ಎದ್ದು ಕೂತಳು. ಒರೆಸಿದ್ದು ಇವಳು, ಮುಚ್ಚಿದ್ದು ತಾನು. ಇಡೀ ಬಡಾವಣೆಯ ಸಿಟ್ಟನ್ನು ಒಂದು ಡಬ್ಬಿ ಬಿಳಿ ಬಣ್ಣದಲ್ಲಿ ಕದಡಿ, ಕೊಂದವನ ಗುರುತಿನ ಮೇಲೆ ಬಳಿದಿದ್ದಳು. ಮೇಲೊಂದಿಷ್ಟು ಹೂವು ಬೇರೆ.

*

"ಮಗಳೇ! ಸೆನಾಯ್ದಾ!"

ಆಚೆ ಬದಿಯಿಂದ ದೋನ್ ಲಿಬೋರಿಯೊ ಕೂಕಾಳ ಹೆಗಲಿಗೆ ಕೈ ಕೊಟ್ಟು ಬರುತ್ತಿದ್ದರು. ಎಷ್ಟೋ ದಿನದ ನಂತರ ಮುದುಕನ ಮುಖದಲ್ಲಿ ನಗು. ಕಾಗದದ ಪೊಟ್ಟಣದಲ್ಲಿ ಸಿಹಿ ಬನ್ನು.

"ನಾನೇ ಹೇಳೋಣ ಅಂತಿದ್ದೆ, ಅಷ್ಟರಲ್ಲಿ ಕೂಕಾ ಬಂದ್ಲು. ಸೈಕಲ್ ಸಿಗತ್ತಂತೆ ಮಗಳೇ! ಇವತ್ತೇ! ದೇವರಂಥ ಮನುಷ್ಯ ಒಬ್ರು ಸಿಕ್ಕಿದಾರೆ. ನಿನ್ನೆ ತಾವೇ ಕಾರಲ್ಲಿ ಕೂರಿಸ್ಕೊಂಡು ಠಾಣೆಗೆ ಕರ್ಕೊಂಡು ಹೋದ್ರು. ನನಗೆ ಕುರ್ಚಿ ಕೊಟ್ರು ಕಣಮ್ಮ ಠಾಣೇಲಿ! ಕಾಫಿ ಕೊಟ್ರು! ಕದ್ದವನು ಯಾರು ಅಂತಾನೂ ಅವರಿಗೆ ಗೊತ್ತಂತೆ."

ಸೆನಾಯ್ದಾ ಎದ್ದು ನಿಂತಳು.

"ಅವರ ಬೂಟು ಹೇಗಿತ್ತು, ದೋನ್ ಲಿಬೋರಿಯೊ?"

"ಬೂಟಾ?" ಮುದುಕ ನಕ್ಕರು. "ಅದರಲ್ಲಿ ಮುಖ ನೋಡ್ಕೊಂಡು ಗಡ್ಡ ಹೆರೀಬಹುದಿತ್ತು, ಹಂಗಿತ್ತು. ಯಾಕೆ?"

ಆಗ ಅವರ ಕಣ್ಣು ಒಬ್ದುಲಿಯಾಳ ಕೈಗೆ ಬಿತ್ತು. ಪೀಪಿಗೆ. ಮುರಿದ ಕೊಳವೆಗೆ. ಅಲ್ಲಿಂದ ಮೆಲ್ಲಗೆ ಬಿಳಿ ಸೈಕಲ್ಲಿಗೆ, ಹಲಗೆಯ ಮೇಲಿನ ಹುಡುಗನ ನಗುವಿಗೆ.

ನಗು ಅವರ ಮುಖದಿಂದ ಇಳಿದುಹೋಯಿತು. ಸಿಹಿ ಬನ್ನಿನ ಪೊಟ್ಟಣ ಕೈಯಲ್ಲೇ ಉಳಿಯಿತು.

"ಅಪ್ಪಾ," ಒಬ್ದುಲಿಯಾ ಪೀಪಿಯನ್ನು ಎರಡೂ ಕೈಯಲ್ಲಿ ಚಾಚಿದಳು. "ವಾಪಸ್ ಕೊಡೋನೇ ಇದ್ದ ಅವನು."

ಅವರು ಅದನ್ನು ಈಸಿಕೊಂಡರು, ಉತ್ತರಿಸುವ ಮೊದಲೇ ಚೌಕದಲ್ಲಿ ಬ್ರೇಕಿನ ಸದ್ದಾಯಿತು. ಕಪ್ಪು ಕಾರು. ಅದರ ಹಿಂದೆ ಇಬ್ಬರು ಪೊಲೀಸರು, ಕೆಲಸದ ಬಟ್ಟೆಯ ಒಬ್ಬ, ಅವನ ಕೈಯಲ್ಲಿ ಉದ್ದ ಹಿಡಿಯ ಕತ್ತರಿ. ಕಾರಿನ ಬಾಗಿಲಿನಿಂದ ಮೊದಲು ಇಳಿದದ್ದು ಬೂಟು.

"ದೋನ್ ಲಿಬೋರಿಯೊ! ಮೊದಲೇ ಬಂದ್ಬಿಟ್ರಲ್ಲ." ಬಸ್ಸಿನವರ ಲಾಯರನ ದನಿ ಜೇನಿನ ಹಾಗಿತ್ತು. "ಹೇಳಿದ್ನಲ್ಲ, ಕೊಡಿಸ್ತೀನಿ ಅಂತ? ನೋಡಿ, ಇದೇ. ಬಣ್ಣ ಬಳಿದ್ರೆ ಸೈಕಲ್ ಬದಲಾಗಲ್ಲ. ಎಲ್ಲರೆದುರಿಗೆ ಒಂದೇ ಮಾತು, ಇದು ನಂದು ಅಂತ ಹೇಳ್ಬಿಡಿ. ಸರಪಳಿ ಕತ್ತರಿಸ್ತೀವಿ. ಇವತ್ತೇ ಚೆನ್ನಾಗಿ ಕೆರೆದು, ಬಾಗಿದ್ದು ನೆಟ್ಟಗೆ ಮಾಡಿ, ಹೊಸ ಬಣ್ಣ ಹಾಕಿಸಿ ಮನೆಗೆ ಕಳಿಸ್ತೀವಿ. ಪೂರ್ತಿ ನಮ್ಮ ಖರ್ಚಲ್ಲಿ."

ಕೆರೆದು. ನೆಟ್ಟಗೆ ಮಾಡಿ. ಹೊಸ ಬಣ್ಣ ಹಾಕಿಸಿ.

ಹುಡುಗನ ಮೇಲೆ ಕಪ್ಪುಚುಕ್ಕೆ ಹುಡುಕುವುದಕ್ಕೆ ಮಾತ್ರ ಬಂದವನಲ್ಲ ಇವನು. ಹಸಿರು ಗುರುತನ್ನು ಅಳಿಸಲು ಬಂದವನು. ಕಾಸು ಕೊಟ್ಟು ಅಳಿಸುವುದಕ್ಕಿಂತ ಕನಿಕರ ತೋರಿಸಿ ಅಳಿಸುವುದು ಸುಲಭ ಎಂದು ತಿಳಿದವನು.

ಸೆನಾಯ್ದಾ ಮುದುಕನ ಕಣ್ಣು ಹಿಡಿದು ಒಮ್ಮೆ, ಒಂದೇ ಒಂದು ಸಲ, ತಲೆ ಅಲ್ಲಾಡಿಸಿದಳು. ಅಷ್ಟಕ್ಕೇ ನಾಚಿಕೆಯಾಯಿತು. ಏನನ್ನು ಕೇಳುತ್ತಿದ್ದಳು ಅವಳು? ಅವರ ನಲವತ್ತು ವರ್ಷವನ್ನು, ಅವರ ಬೀದಿಗಳನ್ನು, ಹೆಂಡತಿ ಹೊಲಿದ ತೇಪೆಯ ಮೇಲೆ ಇನ್ನೊಮ್ಮೆ ಕೂರುವ ಆಸೆಯನ್ನು.

ದೋನ್ ಲಿಬೋರಿಯೊ ಕಂಬದ ಬಳಿಗೆ ಹೋದರು. ಈ ಊರಿನಲ್ಲಿ ಯಾರೂ ಮುಟ್ಟದ್ದನ್ನು ಮುಟ್ಟಿದರು. ಅಂಗೈ ಮೇಲುಕೊಳವೆಯ ಮೇಲೆ ಹರಿದು, ಅಡಿಯಲ್ಲಿ ಎರಡು ಉಬ್ಬುಗಳ ಮೇಲೆ ಬಂದು ನಿಂತಿತು. ಬಹಳ ಹೊತ್ತು ನಿಂತಿತು. ಕುದುರೆಯ ಕೊರಳು ಸವರಿದ ಹಾಗೆ ಒಮ್ಮೆ ಸವರಿ ಕೈ ತೆಗೆದರು.

"ನಂದಲ್ಲ," ಎಂದರು.

"ಏನಂದ್ರಿ?"

"ನನ್ನ ಸೈಕಲ್ ಕಪ್ಪು ಸಾರ್. ಇದು ಆ ಹುಡುಗನದು."

"ಕೂಕಾ," ಸೆನಾಯ್ದಾ ಉಸಿರಿನಲ್ಲೇ ಅಂದಳು, "ಮುದುಕಪ್ಪನನ್ನ ಹಿಡ್ಕೋ, ಬಿದ್ಬಿಡ್ತಾರೆ."

ಲಾಯರು ಸಿಟ್ಟಾಗುತ್ತಾನೆ ಎಂದುಕೊಂಡಿದ್ದಳು. ಅವನು ಸಿಟ್ಟಾಗಲಿಲ್ಲ. ಬದಲಿಗೆ ನಿಟ್ಟುಸಿರು ಬಿಟ್ಟ, ಬಹಳ ದುಃಖವಾದವನ ಹಾಗೆ.

"ಹುಡುಗನ ಸೈಕಲ್ ಕೆಂಪು ಅಂತ ತಾಯಿಯೇ ಹೇಳಿಕೆ ಬರೆಸಿದಾರೆ. ಈಗ ನೀವೂ ನಂದಲ್ಲ ಅಂತೀರಿ." ಅವನು ಪೊಲೀಸರ ಕಡೆ ತಿರುಗಿದ. "ಕೇಳಿಸ್ಕೊಂಡ್ರಲ್ಲ? ಹುಡುಗನದಲ್ಲ, ಮುದುಕರದೂ ಅಲ್ಲ. ಹಾಗಾದ್ರೆ ಯಾರದೂ ಅಲ್ಲ. ವಾರಸುದಾರರಿಲ್ಲದ ಕಬ್ಬಿಣ, ಸರ್ಕಾರಿ ಕಂಬಕ್ಕೆ ಅಡ್ಡ. ಕತ್ತರಿಸಿ."

ಒಬ್ದುಲಿಯಾ ಸೈಕಲ್ಲಿನ ಮೇಲೆ ಬಿದ್ದು ಅಪ್ಪಿಕೊಂಡಳು. ಚೆಂಡುಹೂಗಳು ನಲುಗಿದವು. ಕತ್ತರಿಯವನು ಶಿಲುಬೆಯ ಗುರುತು ಮಾಡಿಕೊಂಡು, ಅವಳ ಮುಖ ನೋಡದೆ, ಹಲ್ಲುಗಳನ್ನು ಸರಪಳಿಗೆ ಸಿಕ್ಕಿಸಿದ. ದೋನ್ ಲಿಬೋರಿಯೊ ಮುರಿದ ಪೀಪಿಯನ್ನು ಎದೆಗೆ ಒತ್ತಿಕೊಂಡು ನಿಂತೇ ಇದ್ದರು. ಅವರ ತುಟಿ ಅಲುಗುತ್ತಿತ್ತು. 'ನಂದು' ಎಂದರೆ ಸೈಕಲ್ಲು ಲಾಯರನ ಕೈಗೆ. 'ನಂದಲ್ಲ' ಎಂದರೂ ಲಾಯರನ ಕೈಗೆ. ಬಡವನ ಬಾಯಿಂದ ಯಾವ ಮಾತು ಬಂದರೂ ಅದರ ಮೇಲೆ ಮೊದಲೇ ಬೆಲೆಚೀಟಿ ಅಂಟಿಸಿಟ್ಟಿದ್ದರು.

ಸರಪಳಿಯ ಮೊದಲ ಕೊಂಡಿ ಟಣ್ಣೆಂದು ಹಾರಿತು.

ಆ ಹೊತ್ತಿಗೆ, ಇಳಿಜಾರಿನ ಮೇಲಿನಿಂದ, ಹತ್ತಿರ ಹತ್ತಿರ ಬರುತ್ತ, ಆ ಪುಟ್ಟ ಹುಡುಗಿಯ ಕೀರಲು ದನಿ ಕೇಳಿಸಿತು: "ಹಾಸಿಗೆ, ಡ್ರಮ್ಮು, ಫ್ರಿಜ್ಜು, ಒಲೆ..."

ಲಾಯರು ಕೈಗಡಿಯಾರ ನೋಡಿಕೊಂಡು ನಕ್ಕ. "ಸರಿಯಾದ ಸಮಯಕ್ಕೆ ಬಂದ. ಇದನ್ನ ಎತ್ಕೊಂಡು ಹೋಗೋಕೆ ನಾನೇ ಬರೋಕೆ ಹೇಳಿದ್ದೆ."

ಸೆನಾಯ್ದಾ ತಿರುಗಿದಳು. ನಬೋರನ ಗಾಡಿ ಚೌಕಕ್ಕೆ ಇಳಿಯುತ್ತಿತ್ತು. ಸ್ಟೀರಿಂಗಿನ ಹಿಂದೆ ಅವನು ನೆಟ್ಟಗೆ ಕೂತಿದ್ದ, ಅವಳ ಕಣ್ಣು ತಪ್ಪಿಸುತ್ತಿದ್ದ.

"...ಹಳೇ ಕಬ್ಬಿಣ ಕೊಳ್ತೀವೀ..."